ಬೀಟ್‌ರೂಟ್ ಜ್ಯೂಸ್ ಕುಡಿದರೂ ಮಗಳ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ತೂಕ 42 ಕೆಜಿ. ಮೂರು ತಿಂಗಳ ಹಿಂದೆ ಸ್ಕೂಲಿನ ಹೆಲ್ತ್ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ 9.6 ಬಂತು. ಡಾಕ್ಟರ್ ಐರನ್ ಮಾತ್ರೆ ಬರೆದುಕೊಟ್ಟರು. ರಾತ್ರಿ ಮಲಗುವಾಗ ಬಿಸಿ ಹಾಲಿನ ಜೊತೆ ಕೊಡುತ್ತಿದ್ದೆ. ಹೊಟ್ಟೆ ಉರಿ, ಮಲ ಕಪ್ಪಗೆ. ಹೆದರಿ ಹತ್ತೇ ದಿನಕ್ಕೆ ನಿಲ್ಲಿಸಿದೆ. ನಮ್ಮ ಅತ್ತೆಯವರೂ ಆ ಮಾತ್ರೆ ಉಷ್ಣ, ಊಟದಲ್ಲೇ ಸರಿ ಮಾಡು ಅಂದರು. ಆಗಿನಿಂದ ದಿನಾ ಬೀಟ್‌ರೂಟ್ ಜ್ಯೂಸ್, ಒಂದು ದಾಳಿಂಬೆ, ನಾಲ್ಕು ಖರ್ಜೂರ, ಸಂಜೆ ಹಾಲು ಹಾಕಿದ ರಾಗಿ ಮಾಲ್ಟ್ ಕೊಡುತ್ತಿದ್ದೇನೆ. ಮೊನ್ನೆ ಲ್ಯಾಬ್‌ನಲ್ಲಿ ಮಾಡಿಸಿದರೆ 9.4! ನಾವು ಸಸ್ಯಾಹಾರಿಗಳು. ಬೆಳಿಗ್ಗೆ ಐದೂವರೆಗೆ ಕಾಫಿ ಕುಡಿದು ಟ್ಯೂಷನ್‌ಗೆ ಹೋಗುತ್ತಾಳೆ, ಎಂಟಕ್ಕೆ ಬಂದು ತಿಂಡಿ, ತಿಂಡಿ ಆದ ಮೇಲೆ ಮತ್ತೆ ಅರ್ಧ ಲೋಟ ಕಾಫಿ. ಡಬ್ಬಿಗೆ ಚಿತ್ರಾನ್ನವೋ ಪುಳಿಯೋಗರೆಯೋ. ಸಂಜೆ ಸುಸ್ತು ಎಂದು ಮಲಗಿಬಿಡುತ್ತಾಳೆ. ಅಕ್ಕಿ ಡಬ್ಬದಿಂದ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬೇರೆ. ಊಟದಿಂದಲೇ ಹಿಮೋಗ್ಲೋಬಿನ್ ಏರಿಸಲು ಏನು ಕೊಡಬೇಕು? ಪಿರಿಯಡ್ಸ್ ಏಳೆಂಟು ದಿನ ಇರುತ್ತದೆ, ಅದು ಬಿಟ್ಟರೆ ಬೇರೆ ತೊಂದರೆ ಇಲ್ಲ.
— ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. 9.4 ಇರುವ ಹುಡುಗಿಗೆ ಊಟ ಒಂದರಿಂದಲೇ ಸರಿಹೋಗುವುದಿಲ್ಲ. ಮಾತ್ರೆ ಮತ್ತೆ ಶುರು ಮಾಡಬೇಕು. ಪಥ್ಯಾಹಾರ ತಜ್ಞೆಯಾಗಿ ನಾನೇ ಹೀಗೆ ಹೇಳುತ್ತಿದ್ದೇನೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಊಟದ ಕೆಲಸ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಮಾತ್ರೆ ಮಾಡಬೇಕಾದ ಕೆಲಸವನ್ನು ಬೀಟ್‌ರೂಟ್ ಮೇಲೆ ಹಾಕಿದರೆ ಆಗುವುದು ಇದೇ, ಮೂರು ತಿಂಗಳು ಕಳೆದುಹೋಗುತ್ತದೆ.

ಏಕೆ ಅಂತ ಒಂದು ಸಣ್ಣ ಲೆಕ್ಕ ನೋಡಿ. 42 ಕೆಜಿ ತೂಕದ ಹುಡುಗಿಯ ಮೈಯಲ್ಲಿ ಹೆಚ್ಚುಕಡಿಮೆ ಮೂರು ಲೀಟರ್ ರಕ್ತ. 9.4 ಎಂದರೆ ಪ್ರತಿ 100 ಮಿಲಿ ರಕ್ತದಲ್ಲಿ 9.4 ಗ್ರಾಂ ಹಿಮೋಗ್ಲೋಬಿನ್. ಈ ವಯಸ್ಸಿನ ಹುಡುಗಿಗೆ ಕನಿಷ್ಠ 12 ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11ರಿಂದ 11.9 ಇದ್ದರೆ ಅಲ್ಪ ರಕ್ತಹೀನತೆ, 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ. ನಿಮ್ಮ ಮಗಳು ಮಧ್ಯಮ ಗುಂಪಿನಲ್ಲಿದ್ದಾಳೆ. ಅವಳನ್ನು 12ರ ಮೇಲೆ ಒಯ್ಯಲು 100 ಮಿಲಿಗೆ ಮೂರು ಗ್ರಾಂ, ಒಟ್ಟು ಸುಮಾರು 90 ಗ್ರಾಂ ಹಿಮೋಗ್ಲೋಬಿನ್ ಹೊಸದಾಗಿ ತಯಾರಾಗಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 3.4 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅಲ್ಲಿಗೆ 300 ಮಿಲಿಗ್ರಾಂ. ಇದು ರಕ್ತಕ್ಕೆ ಮಾತ್ರ. ಮೈಯಲ್ಲಿ ಶೇಖರಣೆ ಆಗಬೇಕಾದ್ದು ಬೇರೆ, ಅದಕ್ಕೂ ಕೆಲವು ನೂರು ಮಿಲಿಗ್ರಾಂ ಬೇಕು.

ಊಟದಿಂದ ಎಷ್ಟು ಬರುತ್ತದೆ? ಅನ್ನ, ರಾಗಿ, ಕಾಳು, ಸೊಪ್ಪಿನ ನಮ್ಮ ಊಟದಲ್ಲಿರುವ ಕಬ್ಬಿಣಾಂಶದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಮಾತ್ರ ಮೈಗೆ ಹತ್ತುತ್ತದೆ. ದಿನಕ್ಕೆ 15 ಮಿಲಿಗ್ರಾಂ ತಿಂದರೆ ಒಂದೂವರೆ ಮಿಲಿಗ್ರಾಂ ಒಳಗೆ ಹೋದರೆ ಹೆಚ್ಚು. ಅದೂ ಬೆಳೆಯುವ ಮೈಗೆ, ತಿಂಗಳ ಮುಟ್ಟಿಗೆ ಖರ್ಚಾಗುತ್ತದೆ. ಇಷ್ಟೆಲ್ಲ ಕಳೆದು, ತುಂಬಾ ಚೆನ್ನಾಗಿ ಊಟ ಮಾಡಿದ ದಿನ ಅರ್ಧ ಮಿಲಿಗ್ರಾಂ ಮಿಕ್ಕಿತು ಎಂದುಕೊಳ್ಳಿ. 300 ಮಿಲಿಗ್ರಾಂ ಕೂಡಿಸಲು 600 ದಿನ! ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿಯೂ ಅರ್ಧ ಆಗಿರುತ್ತದೆ. 60 ಮಿಲಿಗ್ರಾಂ ಕಬ್ಬಿಣಾಂಶದ ಒಂದು ಮಾತ್ರೆಯಿಂದ ನೂರಕ್ಕೆ ಹತ್ತು ಭಾಗ ಹತ್ತಿದರೂ ಆರು ಮಿಲಿಗ್ರಾಂ. ವ್ಯತ್ಯಾಸ ಕಾಣುತ್ತದೆ ಅಲ್ವಾ?

ಇನ್ನು ಮಾತ್ರೆ ಏಕೆ ಕೈಕೊಟ್ಟಿತು ಎನ್ನುವುದು. ನಿಮ್ಮ ಪತ್ರದಲ್ಲೇ ಉತ್ತರ ಇದೆ: ಬಿಸಿ ಹಾಲು. ಹಾಲಿನ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕಬ್ಬಿಣಾಂಶ ಹೀರಿಕೊಳ್ಳುವುದಕ್ಕೆ ಅಡ್ಡಿ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಇವೂ ಹಾಗೇ. ಹತ್ತು ದಿನ ಹೊಟ್ಟೆ ಉರಿಸಿಕೊಂಡದ್ದಕ್ಕೆ ಸಿಗಬೇಕಾದಷ್ಟು ಫಲವೂ ಅವಳಿಗೆ ಸಿಕ್ಕಿಲ್ಲ. ಮಾತ್ರೆಯನ್ನು ನೀರಿನಲ್ಲಿ ಕೊಡಿ, ಆಗುವುದಾದರೆ ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹತ್ತುತ್ತದೆ, ನಿಜ. ಆದರೆ ನಿಮ್ಮ ಮಗಳಿಗೆ ಹೊಟ್ಟೆ ಉರಿ ಬಂದಿರುವುದರಿಂದ ಏನಾದರೂ ಸ್ವಲ್ಪ ತಿಂದ ಮೇಲೆ ಕೊಡಿ. ಸ್ವಲ್ಪ ಕಡಿಮೆ ಹತ್ತಿದರೂ ಪರವಾಗಿಲ್ಲ, ನಿಲ್ಲಿಸುವುದಕ್ಕಿಂತ ವಾಸಿ.

ಮಲ ಕಪ್ಪಗಾಗುವುದು ರೋಗ ಅಲ್ಲ. ಮೈಗೆ ಹತ್ತದೆ ಉಳಿದ ಕಬ್ಬಿಣಾಂಶ ಹಾಗೆ ಹೊರಗೆ ಬರುತ್ತದೆ, ಅಷ್ಟೇ. ಇದನ್ನು ಮಾತ್ರೆ ಬರೆಯುವಾಗಲೇ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಮಾತ್ರೆ ನಿಲ್ಲುತ್ತಿರಲಿಲ್ಲ. ಅತ್ತೆಯವರ ‘ಉಷ್ಣ’ದ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಹೊಟ್ಟೆ ಉರಿ, ಮಲಬದ್ಧತೆ ಎರಡೂ ಈ ಮಾತ್ರೆಗಳಿಂದ ಆಗುವುದುಂಟು. ಅದಕ್ಕೆ ದಾರಿ ಮಾತ್ರೆ ಬಿಡುವುದಲ್ಲ. ಡಾಕ್ಟರ್ ಹತ್ತಿರ ಹೋಗಿ ಹೊಟ್ಟೆ ತಡೆಯುತ್ತಿಲ್ಲ ಎನ್ನಿ. ಡೋಸ್ ಇಳಿಸಬಹುದು, ಬೇರೆ ಬಗೆಯ ಐರನ್ ಕೊಡಬಹುದು, ದಿನ ಬಿಟ್ಟು ದಿನ ತೆಗೆದುಕೋ ಎನ್ನಬಹುದು. ದಿನ ಬಿಟ್ಟು ದಿನ ಎಂದರೆ ಏನೋ ಸಮಾಧಾನಕ್ಕೆ ಹೇಳಿದ್ದು ಎಂದುಕೊಳ್ಳಬೇಡಿ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎನ್ನುವ ಹಾರ್ಮೋನು ಸುಮಾರು ಒಂದು ದಿನ ಏರಿ ನಿಂತು, ಮುಂದಿನ ಮಾತ್ರೆಯನ್ನು ಕರುಳು ಅಷ್ಟಾಗಿ ಹೀರದಂತೆ ತಡೆಯುತ್ತದೆ. ಒಂದು ದಿನದ ಬಿಡುವು ಕೊಟ್ಟರೆ ಪ್ರತಿ ಮಾತ್ರೆಯಿಂದ ಜಾಸ್ತಿ ಹತ್ತುತ್ತದೆ, ಹೊಟ್ಟೆಗೂ ಹಿತ. ಯಾವುದು ಸರಿ ಎಂದು ನಿರ್ಧರಿಸಬೇಕಾದವರು ಅವಳನ್ನು ನೋಡುವ ಡಾಕ್ಟರ್. ಒಂದು ದಿನ ಮರೆತರೆ ಮರುದಿನ ಎರಡು ನುಂಗಿಸುವುದು ಮಾತ್ರ ಬೇಡ.

ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಒಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ‘ಏಳೆಂಟು ದಿನ ಇರುತ್ತದೆ, ಅದು ಬಿಟ್ಟರೆ ಬೇರೆ ತೊಂದರೆ ಇಲ್ಲ.’ ಅದೇ ತೊಂದರೆ ಇರಬಹುದು. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30-40 ಮಿಲಿ ರಕ್ತ ಹೋಗುತ್ತದೆ. 80 ದಾಟಿದರೆ ಅದು ಅತಿಸ್ರಾವ. ಹಿಮೋಗ್ಲೋಬಿನ್ ಸರಿ ಇರುವವರಲ್ಲಿ ಒಂದು ಮಿಲಿ ರಕ್ತ ಹೋದರೆ ಅರ್ಧ ಮಿಲಿಗ್ರಾಂನಷ್ಟು ಕಬ್ಬಿಣಾಂಶ ಹೋಯಿತು ಅಂತ ಲೆಕ್ಕ. ಮನೆಯಲ್ಲಿ ಮಿಲಿ ಅಳೆಯಲು ಆಗುವುದಿಲ್ಲ, ಹಾಗಾಗಿ ಮಗಳನ್ನು ಹೀಗೆ ಕೇಳಿ: ಒಂದೆರಡು ಗಂಟೆಗೇ ಪ್ಯಾಡ್ ತುಂಬಿ ಬದಲಾಯಿಸಬೇಕಾಗುತ್ತದಾ? ರಾತ್ರಿ ಎದ್ದು ಬದಲಾಯಿಸುತ್ತಾಳಾ? ದೊಡ್ಡ ದೊಡ್ಡ ಗಡ್ಡೆ ಬೀಳುತ್ತದಾ? ಸ್ಕೂಲಿನಲ್ಲಿ ಬಟ್ಟೆಗೆ ಆಗುತ್ತದೆ ಅಂತ ರಜೆ ಹಾಕುತ್ತಾಳಾ? ಒಂದಕ್ಕೆ ಹೌದು ಎಂದರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೌದು ಎನ್ನದಿದ್ದರೂ ಏಳು ದಿನ ದಾಟುತ್ತಿದ್ದರೆ ಒಮ್ಮೆ ತೋರಿಸುವುದೇ ಒಳ್ಳೆಯದು. ಈ ವಯಸ್ಸಿನಲ್ಲಿ ಹಾರ್ಮೋನಿನ ಏರುಪೇರಿನಿಂದ ಹೀಗಾಗುವುದು ಸಾಮಾನ್ಯ. ಕೆಲವರಲ್ಲಿ ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಮೊದಲ ಬಾರಿ ಗೊತ್ತಾಗುವುದೂ ಹೀಗೆಯೇ. ಸ್ರಾವ ಹೀಗೇ ಇದ್ದರೆ ಒಳಗೆ ಎಷ್ಟು ತುಂಬಿದರೂ ನಿಲ್ಲುವುದಿಲ್ಲ.

ಹಸಿ ಅಕ್ಕಿ ತಿನ್ನುವುದೂ ಹಾಗೆ, ಬರಿ ಕೆಟ್ಟ ಅಭ್ಯಾಸ ಅಂತ ಬೈಯಬೇಡಿ. ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತದೆ ಅಂತ ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಮಳೆಯ ವಿಷಯ ನನ್ನ ಕೈಲಿಲ್ಲ. ಆದರೆ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ಕಡಿಮೆಯಾದವರಲ್ಲಿ ಕಾಣುವ ಲಕ್ಷಣ. ಕಬ್ಬಿಣಾಂಶ ತುಂಬಿದಂತೆ ಎಷ್ಟೋ ಮಕ್ಕಳಲ್ಲಿ ಆ ಆಸೆ ತಾನಾಗಿ ಹೋಗುತ್ತದೆ.

ಈಗ ಊಟಕ್ಕೆ ಬರೋಣ. ಮೊದಲು ಕೆಂಪು ಬಣ್ಣದ ಮೋಹ ಬಿಡಬೇಕು. ಬೀಟ್‌ರೂಟ್ ಕೆಂಪಗಿದೆ, ದಾಳಿಂಬೆ ಕೆಂಪಗಿದೆ, ರಕ್ತವೂ ಕೆಂಪು, ಇಷ್ಟೇ ಸಂಬಂಧ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಇರುವ ಕಬ್ಬಿಣಾಂಶ ಒಂದು ಮಿಲಿಗ್ರಾಂಗಿಂತ ಕಡಿಮೆ, ಸುಮಾರು 0.8. ದಾಳಿಂಬೆಯಲ್ಲಿ 0.3. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಬೇಕು. ಅಷ್ಟನ್ನು ಬೀಟ್‌ರೂಟ್‌ನಲ್ಲೇ ಕೊಡುವುದಾದರೆ ಹತ್ತಿರ ಹತ್ತಿರ ನಾಲ್ಕು ಕೆಜಿ. ದಾಳಿಂಬೆಯಲ್ಲಾದರೆ ಹತ್ತು ಕೆಜಿ! ಜ್ಯೂಸ್ ಅಂಗಡಿಯವರ ಎಬಿಸಿ (ಸೇಬು, ಬೀಟ್‌ರೂಟ್, ಕ್ಯಾರೆಟ್) ಜ್ಯೂಸ್ ಕುಡಿಯಲು ಚೆನ್ನಾಗಿರುತ್ತದೆ, ಕುಡಿಯಲಿ, ಆದರೆ ಔಷಧಿ ಅಂತ ಅಲ್ಲ. ನಾಲ್ಕು ಖರ್ಜೂರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ. ಒಂದು ಸಣ್ಣ ಅಚ್ಚು ಬೆಲ್ಲ, ಹತ್ತು ಗ್ರಾಂನದು, ಅರ್ಧ ಮಿಲಿಗ್ರಾಂ ಕೂಡ ಕೊಡುವುದಿಲ್ಲ.

ಕಬ್ಬಿಣಾಂಶ ಇರುವುದು ನಮ್ಮ ಮನೆಯ ಸಾದಾ ಅಡುಗೆಯಲ್ಲೇ. ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 8.8 ಮಿಲಿಗ್ರಾಂ. ಕಪ್ಪು ಕಡಲೆಕಾಳಿನಲ್ಲಿ ಆರೂವರೆಗಿಂತ ಜಾಸ್ತಿ, ಅಲಸಂದೆ, ಹೆಸರುಕಾಳಿನಲ್ಲಿ ಐದರ ಆಸುಪಾಸು. ಹರಿವೆ, ನುಗ್ಗೆ ಸೊಪ್ಪುಗಳಲ್ಲಿ ನಾಲ್ಕೂವರೆ. ಪಾಲಕ್‌ಗೆ ಹೆಸರು ಜಾಸ್ತಿ, ಆದರೆ ಇರುವುದು ಮೂರು. ಎಳ್ಳಿನಲ್ಲಿ 14-15, ಹುಚ್ಚೆಳ್ಳಿನಲ್ಲಿ 18. ಹುಚ್ಚೆಳ್ಳಿನ ಚಟ್ನಿಪುಡಿ ಒಂದು ದೊಡ್ಡ ಚಮಚ ದೋಸೆಗೋ ಚಪಾತಿಗೋ ಹಾಕಿಕೊಂಡರೆ ಹತ್ತಿರ ಹತ್ತಿರ ಎರಡು ಮಿಲಿಗ್ರಾಂ, ಅಂದರೆ ಅರ್ಧ ಕೆಜಿಗೂ ಮೀರಿದ ದಾಳಿಂಬೆಯಷ್ಟು. ದಾಳಿಂಬೆ ಬೆಲೆ ನೋಡಿದವರಿಗೆ ಇದಕ್ಕಿಂತ ಹೇಳಬೇಕಾಗಿಲ್ಲ. ಅವಲಕ್ಕಿಯಲ್ಲಿ ನಾಲ್ಕೂವರೆ ಇದ್ದರೆ, ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ ಬರಿ 0.65. ನಿಮ್ಮ ಮಗಳ ಡಬ್ಬಿ ಏಕೆ ಸಾಲದು ಅಂತ ಈಗ ಗೊತ್ತಾಯಿತಲ್ಲ.

ರಾಗಿಯ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ರಾಗಿಯಲ್ಲಿ ಕಬ್ಬಿಣಾಂಶ ಇದೆ, 100 ಗ್ರಾಂಗೆ ಸುಮಾರು 4.6. ಆದರೆ ಜೊತೆಗೆ ಧಾನ್ಯ, ಕಾಳುಗಳಲ್ಲಿ ಸಹಜವಾಗಿ ಇರುವ ಫೈಟೇಟ್ ಎನ್ನುವ ಅಂಶ ಇದೆ, ಸಿಪ್ಪೆಯಲ್ಲಿ ಒಗರಿನ ಅಂಶಗಳಿವೆ, 350 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ. ಮೂರೂ ಸೇರಿ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೆ ನೀವು ಹಾಲನ್ನೂ ಸೇರಿಸಿದಿರಿ. ಬೆಳೆಯುವ ಮೂಳೆಗೆ ಆ ಮಾಲ್ಟ್ ಬಹಳ ಒಳ್ಳೆಯದು, ಮುಂದುವರಿಸಿ, ಆದರೆ ಹಿಮೋಗ್ಲೋಬಿನ್ ಲೆಕ್ಕಕ್ಕೆ ಹಿಡಿಯಬೇಡಿ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕಾಳಿಗೂ ಇದೇ ಮಾತು. ದೋಸೆ, ಇಡ್ಲಿ ಹಿಟ್ಟು ಹುಳಿ ಬಂದಾಗಲೂ ಇದೇ ಆಗುತ್ತದೆ.

ನಾನು ಎಲ್ಲರಿಗೂ ಒತ್ತಿ ಹೇಳುವುದು ಒಂದೇ ವಿಷಯ. ಏನು ತಿಂದಳು ಎನ್ನುವಷ್ಟೇ ಮುಖ್ಯ, ಅದರ ಜೊತೆಗೆ ಏನು ತಿಂದಳು, ಹಿಂದೆ ಮುಂದೆ ಏನು ಕುಡಿದಳು ಎನ್ನುವುದು. ಕಾಳು, ಸೊಪ್ಪಿನ ಕಬ್ಬಿಣಾಂಶಕ್ಕೆ ವಿಟಮಿನ್ ಸಿ ಸಿಕ್ಕರೆ ಅದು ಹೀರಿಕೊಳ್ಳುವ ರೂಪದಲ್ಲಿ ಉಳಿಯುತ್ತದೆ. ಅದೂ ಅದೇ ಊಟದಲ್ಲಿ ಸಿಗಬೇಕು. ಬೆಳಿಗ್ಗೆ ನೆಲ್ಲಿಕಾಯಿ ತಿಂದು ರಾತ್ರಿ ಹುರುಳಿ ಸಾರು ಉಂಡರೆ ಪ್ರಯೋಜನ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕೋಸಂಬರಿ ಬಹಳ ಜಾಣತನದ ಅಡುಗೆ. ನೆನೆಸಿದ ಹೆಸರುಬೇಳೆ, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್, ಮೇಲೆ ನಿಂಬೆರಸ. ಒಲೆ ಮುಟ್ಟುವುದೇ ಇಲ್ಲ, ಹಾಗಾಗಿ ವಿಟಮಿನ್ ಸಿ ಹಾಳಾಗುವುದಿಲ್ಲ. ರಾಮನವಮಿಗೆ ಮಾತ್ರ ಏಕೆ, ವಾರದಲ್ಲಿ ಮೂರು ನಾಲ್ಕು ದಿನ ಡಬ್ಬಿಗೆ ಹಾಕಿ. ಮೊಳಕೆ ಕಟ್ಟಿದ ಹೆಸರುಕಾಳಾದರೆ ಇನ್ನೂ ಒಳ್ಳೆಯದು.

ಇನ್ನೊಂದು ಬಸ್ಸಾರು. ಹರಿವೆಯನ್ನೋ ದಂಟಿನ ಸೊಪ್ಪನ್ನೋ ಅಲಸಂದೆಯ ಜೊತೆ ಬೇಯಿಸಿ, ಬಸಿದು, ಕಟ್ಟಿನಿಂದ ಸಾರು, ಉಳಿದ ಸೊಪ್ಪು ಕಾಳಿನಿಂದ ಪಲ್ಯ. ಬೇಯಿಸಿದ ನೀರನ್ನು ಮೋರಿಗೆ ಚೆಲ್ಲದೆ ಸಾರಿಗೆ ಬಳಸುವುದರಿಂದ ನೀರಿಗೆ ಬಿಟ್ಟುಕೊಂಡ ಫೋಲಿಕ್ ಆಮ್ಲ ಊಟಕ್ಕೇ ಬರುತ್ತದೆ. ಹೊಸ ರಕ್ತಕಣ ತಯಾರಾಗಲು ಅದೂ ಬೇಕು. ಒಂದೇ ಬದಲಾವಣೆ: ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಬೇಡ. ಕಬ್ಬಿಣದ ಬಾಣಲೆ ಮನೆಯಲ್ಲಿದ್ದರೆ ಒಗ್ಗರಣೆ, ಪಲ್ಯ, ಟೊಮೇಟೊ ಗೊಜ್ಜು ಅದರಲ್ಲೇ ಮಾಡಿ. ಹುಳಿ ಇರುವ ಅಡುಗೆಗೆ ಬಾಣಲೆಯಿಂದ ಸ್ವಲ್ಪ ಕಬ್ಬಿಣಾಂಶ ಇಳಿಯುತ್ತದೆ. ಆದ ತಕ್ಷಣ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗಿ ಮಗಳು ಮುಖ ಸಿಂಡರಿಸುತ್ತಾಳೆ.

ಹಣ್ಣಿಗೆ ದುಬಾರಿ ಕಿವಿ ಬೇಡ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು ವಿಟಮಿನ್ ಸಿ ಇದೆ, ಬೆಟ್ಟದ ನೆಲ್ಲಿಕಾಯಿಯಲ್ಲಿ ಇನ್ನೂ ಜಾಸ್ತಿ. ಸ್ಕೂಲ್ ಗೇಟಿನ ಮುಂದೆ ಗಾಡಿಯಲ್ಲಿ ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಡುತ್ತಾರಲ್ಲ, ಅದನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಯ ಪಕ್ಕಕ್ಕೆ ಇಡಿ. ತಿನ್ನಲ್ಲ ಅನ್ನುವ ಹುಡುಗಿಯನ್ನು ನಾನು ನೋಡಿಲ್ಲ.

ಕಾಫಿಗೆ ಬಂದರೆ ನಿಮಗೊಂದು ಒಳ್ಳೆಯ ಸುದ್ದಿ. ಬೆಳಿಗ್ಗೆ ಐದೂವರೆಯ ಕಾಫಿ ಕಳ್ಳ ಅಲ್ಲ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಕಾಫಿ ಕುಡಿದವರಲ್ಲಿ ಕಬ್ಬಿಣಾಂಶ ಹೀರುವುದು ನೂರಕ್ಕೆ 39ರಷ್ಟು ಕುಗ್ಗಿತ್ತು. ಟೀ ಕುಡಿದವರಲ್ಲಿ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಗೆ ಕುಡಿದರೆ ಊಟದ ಜೊತೆ ಕುಡಿದಷ್ಟೇ ನಷ್ಟ. ಅಂದರೆ ತೊಂದರೆ ಇರುವುದು ತಿಂಡಿ ಆದ ಮೇಲಿನ ಆ ಅರ್ಧ ಲೋಟದಲ್ಲಿ. ಇಡ್ಲಿ ವಡೆ ಆದ ಮೇಲೆ ಬೈಟು ಕಾಫಿ ಇಲ್ಲದಿದ್ದರೆ ತಿಂಡಿಯೇ ಮುಗಿಯಲಿಲ್ಲ ಅಂದುಕೊಳ್ಳುವ ಊರು ನಮ್ಮದು, ಗೊತ್ತು. ನಿಮ್ಮ ಮಗಳಿಗೆ ಮಾತ್ರ ಆ ಎರಡನೆಯ ಕಾಫಿ ನಿಲ್ಲಿಸಿ. ಐದೂವರೆಯದನ್ನು ಮುಟ್ಟಬೇಡಿ, ಇರೋ ಒಂದು ಸುಖಾನೂ ಕಿತ್ತುಕೊಂಡರೆ ಅವಳು ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ.

ಮೊಸರನ್ನ ಬಿಡಬೇಕಾ ಎಂದು ಕೆಲವರು ಕೇಳುತ್ತಾರೆ, ಅದರಲ್ಲೂ ಕ್ಯಾಲ್ಸಿಯಂ ಇದೆ ಅಂತ. ಬೇಡ. ಒಂದೊಂದು ಊಟವನ್ನು ಬೇರೆಯಾಗಿ ಅಳೆದಾಗ ಕ್ಯಾಲ್ಸಿಯಂನ ಅಡ್ಡಿ ದೊಡ್ಡದಾಗಿ ಕಾಣುತ್ತದೆ, ಇಡೀ ದಿನದ ಊಟ ನೋಡಿದರೆ ಅಷ್ಟಿಲ್ಲ. ಹಾಲನ್ನು ಮಾತ್ರೆಯಿಂದ ದೂರ ಇಟ್ಟರೆ ಸಾಕು.

ಹಾಗಾದರೆ ಅವಳ ದಿನ ಹೇಗಿರಬಹುದು? ಐದೂವರೆಗೆ ಕಾಫಿ, ಜೊತೆಗೆ ಬಿಸ್ಕತ್ತಿನ ಬದಲು ಒಂದು ಎಳ್ಳುಂಡೆ ಅಥವಾ ಕಡಲೆಕಾಯಿ ಚಿಕ್ಕಿ. ಎಂಟಕ್ಕೆ ತಿಂಡಿ: ನಿಂಬೆಹಣ್ಣು ಹಿಂಡಿದ ಅವಲಕ್ಕಿ ಒಗ್ಗರಣೆ, ಇನ್ನೊಂದು ದಿನ ಹೆಸರುಕಾಳಿನ ದೋಸೆ, ಮತ್ತೊಂದು ದಿನ ನುಗ್ಗೆ ಸೊಪ್ಪು ಹಾಕಿದ ರಾಗಿ ರೊಟ್ಟಿಗೆ ಹುಚ್ಚೆಳ್ಳು ಪುಡಿ. ಡಬ್ಬಿಗೆ ಚಿತ್ರಾನ್ನವೇ ಇರಲಿ, ಅದರಲ್ಲಿ ಒಂದು ಹಿಡಿ ಬೇಯಿಸಿದ ಕಡಲೆಕಾಳು, ಕಡಲೆಕಾಯಿ ಬೀಜ ಜಾಸ್ತಿ ಹಾಕಿ. ನಿಂಬೆರಸವನ್ನು ಅನ್ನ ಕಲಸುವಾಗ ಕೊನೆಯಲ್ಲಿ ಹಿಂಡಿ. ಪಕ್ಕದಲ್ಲಿ ಕೋಸಂಬರಿ ಅಥವಾ ಸೀಬೆ ಹೋಳು. ಸಂಜೆ ಬಂದ ತಕ್ಷಣ ಮಲಗುವ ಮೊದಲು ಉಸಲಿ, ನಿಂಬೆ ಪಾನಕ, ಆಗಲೇ ಮಾತ್ರೆ. ರಾತ್ರಿ ಮುದ್ದೆ ಅಥವಾ ಚಪಾತಿ, ಹುರುಳಿ ಸಾರು ಅಥವಾ ಬಸ್ಸಾರು, ಸ್ವಲ್ಪ ಮೊಸರನ್ನ. ರಾಗಿ ಮಾಲ್ಟ್ ಅಥವಾ ಹಾಲು ಮಲಗುವಾಗ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಸುಗ್ಗಿ ಬಂದಾಗ ನಾನು ಹೇಳಬೇಕಾಗಿಯೇ ಇಲ್ಲ, ಬೆಂಗಳೂರಿನ ಮನೆಗಳಲ್ಲಿ ಉಪ್ಪಿಟ್ಟಿನಿಂದ ಸಾರಿನವರೆಗೂ ಅದೇ ಇರುತ್ತದೆ.

ಇಷ್ಟು ಮಾಡಿದರೂ ದಿನಕ್ಕೆ 20 ಮಿಲಿಗ್ರಾಂ ಆಸುಪಾಸು ಬರುತ್ತದೆ, 30 ಮುಟ್ಟುವುದು ಕಷ್ಟ. ಗಾಬರಿ ಬೇಡ. 30 ಎನ್ನುವುದು ಹೆಚ್ಚುಕಡಿಮೆ ಎಲ್ಲ ಹುಡುಗಿಯರಿಗೂ ಸಾಲುವಂತೆ ಇಟ್ಟ ಗುರಿ. ಸರಾಸರಿ ಅಗತ್ಯ 17 ಎಂದು ಅದೇ ಸಂಸ್ಥೆ ಹೇಳಿದೆ. ಮಾತ್ರೆಯಿಂದ ತುಂಬಿದ್ದು ಮತ್ತೆ ಇಳಿಯದಂತೆ ಕಾಯುವುದಕ್ಕೆ ಇಂಥ ಊಟ ಬೇಕು. ಪ್ರಮಾಣವೂ ಬೇಕು, ನೆನಪಿಡಿ. ದಪ್ಪ ಆಗ್ತೀನಿ ಅಂತ ಒಂದು ಚಪಾತಿಗೆ ಏಳುವ ಹುಡುಗಿಗೆ ಯಾವ ಸೊಪ್ಪು ಕೊಟ್ಟರೂ ಅಷ್ಟೇ.

ರೇಷನ್ ಅಕ್ಕಿ ಬಳಸುವ ಮನೆಯವರಿಗೆ ಒಂದು ಮಾತು. ಇತ್ತೀಚಿನ ವರ್ಷಗಳಲ್ಲಿ ಅದರಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಕಾಳನ್ನು ನೂರಕ್ಕೊಂದರ ಲೆಕ್ಕದಲ್ಲಿ ಬೆರೆಸಿ ಕೊಟ್ಟಿದ್ದಾರೆ. ತೊಳೆಯುವಾಗ ತೇಲುತ್ತದೆ, ಬಣ್ಣ ಸ್ವಲ್ಪ ಬೇರೆ. ಪ್ಲಾಸ್ಟಿಕ್ ಅಕ್ಕಿ ಎಂದು ಅದನ್ನೇ ಆರಿಸಿ ಎಸೆಯುವವರಿದ್ದಾರೆ. ಅದು ಅಕ್ಕಿಹಿಟ್ಟಿನಿಂದಲೇ ಮಾಡಿದ್ದು, ಎಸೆಯಬೇಡಿ.

ಮಾಂಸ ತಿನ್ನುವ ಮನೆಗಳಿಗೆ ದಾರಿ ಸುಲಭ. ಮಾಂಸ, ಮೀನು, ಕಲೀಜದಲ್ಲಿರುವ ಕಬ್ಬಿಣಾಂಶ ನೂರಕ್ಕೆ 15ಕ್ಕೂ ಜಾಸ್ತಿ ಹತ್ತುತ್ತದೆ, ತಟ್ಟೆಯಲ್ಲಿ ಜೊತೆಗಿರುವ ಸೊಪ್ಪು ಕಾಳಿನದ್ದೂ ಅದರಿಂದ ಚೆನ್ನಾಗಿ ಹತ್ತುತ್ತದೆ. ಮೊಟ್ಟೆಗೆ ಆ ಗುಣ ಇಲ್ಲ, ಆದರೆ ಬಿ12 ಮತ್ತು ಪ್ರೋಟೀನ್‌ಗೆ ಒಳ್ಳೆಯದು.

ಬಿ12 ಬಗ್ಗೆ ನಿಮ್ಮಂಥ ಸಸ್ಯಾಹಾರಿ ಮನೆಯವರು ಗಮನ ಕೊಡಬೇಕು. ಅದು ಸೊಪ್ಪು ಕಾಳಿನಲ್ಲಿ ಇಲ್ಲವೇ ಇಲ್ಲ, ನಿಮಗೆ ಸಿಗುವುದು ಹಾಲು ಮೊಸರಿನಿಂದ ಮಾತ್ರ. ಅದಕ್ಕೇ ಮಲಗುವಾಗಿನ ಹಾಲನ್ನು ಬಿಡಿಸಬೇಡಿ ಎಂದದ್ದು. ಕಬ್ಬಿಣಾಂಶ ಕಡಿಮೆಯಾದರೆ ರಕ್ತಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆಯಿದ್ದರೆ ರಿಪೋರ್ಟ್‌ನಲ್ಲಿ ಎಲ್ಲ ಸರಿಯಿರುವಂತೆ ಕಂಡು ಮೋಸ ಹೋಗಬಹುದು. ಹಾಗಾಗಿ ಬರಿ ಹಿಮೋಗ್ಲೋಬಿನ್ ಸಾಲದು. ಡಾಕ್ಟರ್ ಹತ್ತಿರ ಹೋದಾಗ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಫೆರಿಟಿನ್, ಬಿ12 ಮೂರನ್ನೂ ಕೇಳಿ. ಹಿಮೋಗ್ಲೋಬಿನ್ ತಟ್ಟೆಗೆ ಬಡಿಸಿದ ಅನ್ನವಾದರೆ ಫೆರಿಟಿನ್ ಡಬ್ಬದಲ್ಲಿ ಉಳಿದ ಅಕ್ಕಿ. ಅದು 15ಕ್ಕಿಂತ ಕೆಳಗಿದ್ದರೆ ಡಬ್ಬ ಖಾಲಿ ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಮಾತ್ರ ಫೆರಿಟಿನ್ ಸುಳ್ಳೇ ಏರಿ ಕೂರುತ್ತದೆ, ಆಗ ಮಾಡಿಸಬೇಡಿ.

ಇದೇ ಕಾರಣಕ್ಕೆ ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ಮಾತ್ರೆ ನಿಲ್ಲಿಸಬಾರದು. ಸಾಮಾನ್ಯವಾಗಿ ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ. ಜಂತುಹುಳಕ್ಕೂ ವರ್ಷಕ್ಕೆ ಎರಡು ಬಾರಿ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ. ಶಾಲೆಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಹಂಚುವುದು ಅದನ್ನೇ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಐರನ್ ಮಾತ್ರೆ ರಕ್ತಹೀನತೆ ಬರದಂತೆ ತಡೆಯಲು. ಈಗಾಗಲೇ 9.4 ಇರುವವರಿಗೆ ಅಷ್ಟೇ ಸಾಲುವುದಿಲ್ಲ. ಲ್ಯಾಬ್ ಖರ್ಚು ಕಷ್ಟ ಎನ್ನುವವರು ಹತ್ತಿರದ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಿಮೋಗ್ಲೋಬಿನ್ ಪರೀಕ್ಷೆ, ಮಾತ್ರೆ ಅಲ್ಲೇ ಉಚಿತವಾಗಿ ಸಿಗುತ್ತದೆ.

ಮಾತ್ರೆ ಶುರು ಮಾಡಿ ನಾಲ್ಕು ವಾರಕ್ಕೆ, ಆದಷ್ಟು ಅದೇ ಲ್ಯಾಬ್‌ನಲ್ಲಿ, ತೋಳಿನಿಂದ ರಕ್ತ ಕೊಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ನೋಡುವುದರಲ್ಲಿ ಅರ್ಧ ಪಾಯಿಂಟ್ ಆಚೀಚೆ ಆಗುವುದುಂಟು. ಸ್ಕೂಲಿನಲ್ಲಿ ಬೆರಳು ಚುಚ್ಚಿ ನೋಡಿದ್ದರೆ ನಿಮ್ಮ 9.6 ಮತ್ತು 9.4ರ ನಡುವಿನ ವ್ಯತ್ಯಾಸ ಅದೇ ಇರಬಹುದು. ಒಂದು ಗ್ರಾಂ ಆದರೂ ಏರಿರಬೇಕು. ಸರಿಯಾಗಿ ಮಾತ್ರೆ ನುಂಗಿಯೂ ಏರದಿದ್ದರೆ ಕಾರಣ ಹುಡುಕಬೇಕು: ಸ್ರಾವ ನಿಂತಿಲ್ಲವೇ, ಕರುಳು ಹೀರುತ್ತಿಲ್ಲವೇ, ಥಲಸ್ಸೇಮಿಯಾ ಟ್ರೈಟ್, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಗುಣ, ಇದೆಯೇ. ಕೊನೆಯದರಲ್ಲೂ ರಕ್ತಕಣ ಚಿಕ್ಕದಾಗಿಯೇ ಕಾಣುತ್ತದೆ. ಅದನ್ನು ಎಚ್‌ಬಿಎ2 ಪರೀಕ್ಷೆಯಲ್ಲಿ ಕಂಡುಹಿಡಿಯುತ್ತಾರೆ. ಬರಿ ಅದೇ ಇದ್ದು ಕಬ್ಬಿಣಾಂಶ ಸರಿ ಇದ್ದರೆ ಐರನ್ ಮಾತ್ರೆಯ ಅಗತ್ಯವೇ ಇರುವುದಿಲ್ಲ. ಇದರ ನಡುವೆ ಕೂತಲ್ಲೇ ಏದುಸಿರು, ಎದೆ ಬಡಿತ, ತಲೆ ಸುತ್ತಿ ಬೀಳುವುದು, ಅಥವಾ ಸ್ರಾವ ನಿಲ್ಲದಿರುವುದು ಕಂಡರೆ ನಾಲ್ಕು ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಿಬಿಸಿಗೆ ಹೋದಾಗ ನಿಮ್ಮದನ್ನೂ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. 49 ವರ್ಷದವರೆಗಿನ ಎಲ್ಲ ಹೆಂಗಸರನ್ನು ಸೇರಿಸಿ ನೋಡಿದಾಗಲೂ 57 ಮಂದಿಗೆ ಇತ್ತು.